ಸಾಫ್ಟ್‌ವೇರ್ ಒಳಗೆ ಬಣ್ಣವನ್ನು ಹೇಗೆ ಇಡೋದು?

"ಅಣ್ಣ, ಬಣ್ಣವನ್ನು ಕೋಡ್ ಒಳಗೆ ಹೇಗೆ ಇಟ್ಕೊಳ್ಳೋದು? ಹೆಕ್ಸ್ ಸಂಖ್ಯೆ ಬರೆದಿಟ್ಟರೆ ಸಾಕಲ್ವಾ?" ಪ್ರೋಗ್ರಾಮಿಂಗ್ ಕಲಿಯುವ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹೆಕ್ಸ್ ಅಂದರೆ 0ಯಿಂದ 9, Aಯಿಂದ F ಬಳಸಿ ಬರೆಯುವ ಹದಿನಾರರ ಲೆಕ್ಕದ ಸಂಖ್ಯೆ. ಒಂದೇ ಆ್ಯಪ್ ವಿಂಡೋಸ್, ಆಂಡ್ರಾಯ್ಡ್, ಐಫೋನ್, ಬ್ರೌಸರ್ ಎಲ್ಲದರಲ್ಲೂ ಓಡಬೇಕು ಅಂದರೆ ಸಾಲದು. ಯಾಕೆ ಅನ್ನೋದಕ್ಕೆ ನಮ್ಮ ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ ಆದದ್ದನ್ನೇ ಹೇಳುತ್ತೇನೆ.

ಕಾಫಿ ಕುಯ್ಲಿನ ಲೆಕ್ಕಕ್ಕೆ ಅಲ್ಲಿಗೊಂದು ಚಿಕ್ಕ ಆ್ಯಪ್ ಮಾಡಿಕೊಟ್ಟಿದ್ದೆ. ನಕ್ಷೆಯಲ್ಲಿ ಪ್ರತಿ ಬ್ಲಾಕಿಗೂ ಒಂದು ಬಣ್ಣ. ಕಾಯಿಯಾಗಿದ್ದರೆ ಹಸಿರು, ಬಣ್ಣ ತಿರುಗುತ್ತಿದ್ದರೆ ಹಳದಿ, ಹಣ್ಣಾಗಿದ್ದರೆ ಕೆಂಪು. ತೋಟದ ಲೆಕ್ಕ ಬರೆಯುವ ರೈಟರ ಮೊಬೈಲಿನಲ್ಲಿ ಎಲ್ಲ ಸರಿಯಾಗಿತ್ತು. ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದ ದಿನ ಅವರ ಫೋನ್ ಬಂತು. "ಸಾರ್, ಹಣ್ಣಾದ ಬ್ಲಾಕೆಲ್ಲ ನೀಲಿ ಕಾಣ್ತಿದೆ. ಹಸಿರು ಮಾತ್ರ ಸರಿ ಇದೆ."

ಆಗಿದ್ದು ಇಷ್ಟು. ಆಂಡ್ರಾಯ್ಡ್ ಒಂದು ಬಣ್ಣವನ್ನು 32 ಬಿಟ್‌ಗಳ ಸಂಖ್ಯೆಯಲ್ಲಿ ಇಡುತ್ತದೆ. ಮೇಲೆ ಆಲ್ಫಾ, ಅಂದರೆ ಬಣ್ಣ ಎಷ್ಟು ಗಟ್ಟಿ, ಎಷ್ಟು ಪಾರದರ್ಶಕ ಅನ್ನೋದು. ಆಮೇಲೆ ಕೆಂಪು, ಹಸಿರು, ಕೊನೆಗೆ ನೀಲಿ. ವಿಂಡೋಸ್ ಬಣ್ಣ ಇಡುವ ಹಳೆಯ ರೀತಿಯಾದ ಕಲರ್‌ರೆಫ್‌ನಲ್ಲಿ ನೀಲಿ ಮೊದಲು, ಕೊನೆಗಿರುವುದು ಕೆಂಪು. ನಾನು ಆಲ್ಫಾ ತೆಗೆದು ಉಳಿದದ್ದನ್ನು ಹಾಗೇ ದಾಟಿಸಿದ್ದೆ. ಪ್ರತಿ ಭಾಗಕ್ಕೂ 0ಯಿಂದ 255ರವರೆಗಿನ ಒಂದು ಅಂಕಿ. ಕೆಂಪು, ಹಸಿರು, ನೀಲಿ ಈ ಕ್ರಮದಲ್ಲಿ ನನ್ನ ಕೆಂಪು 198, 40, 40 ಇತ್ತು. ತಿರುಗಿಸಿದರೆ 40, 40, 198, ಅಪ್ಪಟ ನೀಲಿ. ಹಳದಿ 251, 192, 45 ಇದ್ದದ್ದು 45, 192, 251 ಆಗಿ ಆಕಾಶದ ಬಣ್ಣಕ್ಕೆ ಹೋಗಿತ್ತು. ಹಸಿರು ಮಾತ್ರ 46, 125, 50. ತಿರುಗಿಸಿದರೂ 50, 125, 46. ಯಾವ ಕಣ್ಣಿಗೂ ವ್ಯತ್ಯಾಸ ಗೊತ್ತಾಗಲ್ಲ. ನಾನು ಪರೀಕ್ಷೆ ಮಾಡಿದ್ದು ಕಪ್ಪು, ಬಿಳಿ, ಹಸಿರು ಮೂರರಲ್ಲೇ. ಮೂರೂ ತಿರುಗಿಸಿದರೆ ಹಾಗೇ ಕಾಣುವ ಬಣ್ಣಗಳು.

ಇಲ್ಲಿ ಸಂಖ್ಯೆ ತಪ್ಪಿರಲಿಲ್ಲ. ಅದು ಯಾವ ಲೆಕ್ಕದ್ದು ಅನ್ನೋದು ಜೊತೆಗೆ ಬಂದಿರಲಿಲ್ಲ. ನಮ್ಮ ಕಡೆ ಕಾಫಿಗೆ ಬರೀ "50 ಕೆಜಿ ಮೂಟೆಗೆ ಇಷ್ಟು" ಅಂದರೆ ಯಾರೂ ಒಪ್ಪಲ್ಲ. ಅರೇಬಿಕಾನಾ, ರೋಬಸ್ಟಾನಾ, ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಾ, ಹಣ್ಣಾಗೇ ಒಣಗಿಸಿದ ಚೆರಿಯಾ ಅಂತ ಕೇಳಿಯೇ ಕೇಳುತ್ತಾರೆ. ಬಣ್ಣದ ಸಂಖ್ಯೆಗೂ ಅದೇ ಪ್ರಶ್ನೆ ಹಾಕಬೇಕು.

ಹೆಕ್ಸ್ ಬರಹ ಇದಕ್ಕೆ ಪರಿಹಾರ ಅಲ್ಲ. ಭಾಗಕ್ಕೆ ಎರಡರಂತೆ ಎಂಟು ಅಂಕಿಯ ಹೆಕ್ಸ್‌ನಲ್ಲಿ ಆಂಡ್ರಾಯ್ಡ್ ಆಲ್ಫಾವನ್ನು ಮೊದಲು ಬರೆಯುತ್ತದೆ, ವೆಬ್ ಪುಟದ ಬಣ್ಣ-ರೂಪ ಹೇಳುವ ಸಿಎಸ್ಎಸ್ ಕೊನೆಗೆ ಬರೆಯುತ್ತದೆ. ಅರ್ಧ ಪಾರದರ್ಶಕವಾದ ನನ್ನ ಕೆಂಪು ಆಂಡ್ರಾಯ್ಡ್‌ನಲ್ಲಿ 128, 198, 40, 40. ಬ್ರೌಸರ್ ಅದನ್ನೇ ಓದಿದರೆ ಕೆಂಪು 128, ಹಸಿರು 198, ನೀಲಿ 40, ಆಲ್ಫಾ 40. ಅಂದರೆ ತೆಳು ಎಲೆಹಸಿರು! ನೀಲಿ ಕಂಡರೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ಹಸಿರು ಕಂಡರೆ ಆ ಬ್ಲಾಕಿಗೆ ಆಳು ಕಳಿಸುವುದೇ ಇಲ್ಲ, ಹಣ್ಣು ಗಿಡದಲ್ಲೇ ಒಣಗುತ್ತದೆ. ನನಗೆ ಹೆದರಿಕೆ ಇರುವುದು ಈ ತರಹದ ತಪ್ಪಿನದ್ದೇ.

ಹಾಗಾಗಿ ನನ್ನ ಉತ್ತರ: ಬಣ್ಣಕ್ಕೆ ನಿಮ್ಮದೇ ಒಂದು ಟೈಪ್, ಅಂದರೆ ಕೋಡ್‌ನಲ್ಲಿ ಮಾಹಿತಿ ಇಡುವ ಅಚ್ಚು, ಮಾಡಿ. ಕೆಂಪು, ಹಸಿರು, ನೀಲಿ, ಆಲ್ಫಾ ಎಂದು ಹೆಸರಿಟ್ಟ ನಾಲ್ಕು ಅಂಕಿ, 0ಯಿಂದ 1ರವರೆಗಿನ ದಶಮಾಂಶದಲ್ಲಿ. ಐಫೋನಿನಲ್ಲಿ ಬಣ್ಣ ಇಡುವ ಯುಐಕಲರ್ ಕೇಳುವುದೂ ಹಾಗೇ. ಇದು ಎಸ್‌ಆರ್‌ಜಿಬಿ ಬಣ್ಣ ಅಂತ ಟೈಪ್‌ನ ಮೇಲೆಯೇ ಬರೆದಿಡಿ. ಯಾವ ಅಂಕಿಗೆ ಯಾವ ಬಣ್ಣ ಅಂತ ಹೇಳುವ, 1999ರಿಂದ ಇರುವ ಅಂತರರಾಷ್ಟ್ರೀಯ ಮಾನದಂಡ ಅದು, ಸಾಮಾನ್ಯ ಆ್ಯಪ್‌ಗೆ ಧಾರಾಳ ಸಾಕು. ಪ್ರತಿ ಪ್ಲಾಟ್‌ಫಾರ್ಮಿನ ಬಾಗಿಲಲ್ಲಿ ಎರಡು ಫಂಕ್ಷನ್, ಒಂದು ಒಳಗೆ ತರೋದಕ್ಕೆ, ಒಂದು ಹೊರಗೆ ಕಳಿಸೋದಕ್ಕೆ. ಆ ಬಾಗಿಲು ಬಿಟ್ಟು ಬೇರೆಲ್ಲೂ ಒತ್ತಿ ಕಟ್ಟಿದ 32 ಬಿಟ್ ಸಂಖ್ಯೆ ಕಾಣಿಸಬಾರದು. ಒಳಗೆ ತರುವಾಗ 255ರಿಂದ ಭಾಗಿಸಿ, 256ರಿಂದ ಅಲ್ಲ. ಹೊರಗೆ ಕಳಿಸುವಾಗ ದಶಮಾಂಶವನ್ನು ಸುಮ್ನೆ ಕತ್ತರಿಸಬೇಡಿ, ಹತ್ತಿರದ ಪೂರ್ಣ ಸಂಖ್ಯೆಗೆ ತನ್ನಿ.

ಬಣ್ಣವನ್ನು ಆಲ್ಫಾದಿಂದ ಗುಣಿಸಿ ಇಡುವ ಪದ್ಧತಿಯೂ ಇದೆ. ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಪೋರ್ಟರ್ ಮತ್ತು ಡಫ್ 1984ರಲ್ಲಿ ಚಿತ್ರದ ಮೇಲೆ ಚಿತ್ರ ಕೂಡಿಸಲು ಅದನ್ನು ಬಳಸಿ ತೋರಿಸಿದರು. ಪರದೆಗೆ ಬಿಡಿಸುವಾಗ ಅದು ತುಂಬಾ ಅನುಕೂಲ. ಆದರೆ ಆಲ್ಫಾ 0 ಆದರೆ ಮೂಲ ಬಣ್ಣವೇ ಅಳಿಸಿಹೋಗುತ್ತದೆ. ಅದಕ್ಕೇ ನಾನು ಗುಣಿಸದೇ ಇಡುತ್ತೇನೆ, ಬಿಡಿಸುವ ಹೊತ್ತಿಗೆ ಗುಣಿಸುತ್ತೇನೆ.

ಎರಡು ಬಣ್ಣ ಬೆರೆಸುವಾಗ ಇನ್ನೊಂದು ತೊಡಕು. ಎಸ್‌ಆರ್‌ಜಿಬಿ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವುದಿಲ್ಲ. ಕಪ್ಪಿನ ಬೆಳಕು ಅರ್ಧ, ಬಿಳಿಯ ಬೆಳಕು ಅರ್ಧ ಸೇರಿದರೆ ಬರುವ ಬೂದು ಸುಮಾರು 188, ನೀವು ಅಂದುಕೊಳ್ಳುವ 128 ಅಲ್ಲ. ಮೊದಲು ಬೆಳಕಿನ ಲೆಕ್ಕಕ್ಕೆ ತಂದು, ಬೆರೆಸಿ, ವಾಪಸ್ ತನ್ನಿ.

ಫೋಟೋ ಕೆಲಸ ಮಾಡುವವರು ಬಣ್ಣದ ಜಾಗದ (ಕಲರ್ ಸ್ಪೇಸ್, ಎಸ್‌ಆರ್‌ಜಿಬಿ ಅಂಥದ್ದೇ ಒಂದು) ಹೆಸರನ್ನೂ ಪ್ರತಿ ಬಣ್ಣದ ಜೊತೆ ಇಡಬೇಕು. 2016ರ ಐಫೋನ್ 7ರ ಪರದೆ ಡಿಸ್‌ಪ್ಲೇ ಪಿ3 ಎಂಬ ಇನ್ನೂ ಅಗಲವಾದ ಜಾಗವನ್ನು ತೋರಿಸುತ್ತದೆ, ಅಲ್ಲಿ 1, 0, 0 ಅಂದರೆ ಎಸ್‌ಆರ್‌ಜಿಬಿಗಿಂತ ಗಾಢವಾದ ಕೆಂಪು.

ಈಗ ನನ್ನ ಪರೀಕ್ಷೆಯ ಬಣ್ಣ ಕೆಂಪು 10, ಹಸಿರು 80, ನೀಲಿ 150, ಆಲ್ಫಾ 220. ನಾಲ್ಕೂ ಬೇರೆ ಬೇರೆ. ಯಾವ ಎರಡು ಅದಲು ಬದಲಾದರೂ ಸಿಕ್ಕಿಬೀಳುತ್ತವೆ. ಅದರ ಜೊತೆ ಆ ತೋಟದ ಕೆಂಪನ್ನೂ ಹಳದಿಯನ್ನೂ ಸೇರಿಸಿದ್ದೇನೆ.