ಮಳೆ ಅಂತ ಎಲ್ಲೂ ಬರೆದಿಲ್ಲ ಮಿಸ್

11 ಡಿಸೆಂಬರ್ 2024, ಬುಧವಾರ
ಬೇಲೂರು

ಬಿಕ್ಕೋಡು ಕಡೆ ಮತ್ತೆ ಆನೆ. ಬಸ್ಸು ಅರ್ಧ ಗಂಟೆ ತಡ. ಬಿಡಿ, ಅದು ಈಗ ಸುದ್ದಿಯೇ ಅಲ್ಲ.

ಆರನೇ ಕ್ಲಾಸಿಗೆ ನಾನೇ ಕಟ್ಟಿದ ನಾಲ್ಕು ಸಾಲು ಬೋರ್ಡಿನ ಮೇಲೆ ಬರೆದಿದ್ದೆ. "ಒಮ್ಮೆ ಆಕಾಶ ನೋಡಿದಳು. ಬೇಗ ಬನ್ನಿ ಎಂದು ಕೂಗಿದಳು. ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಕಣಕ್ಕೆ ಓಡಿದರು. ಕಾಫಿಯ ಮೇಲೆ ಟಾರ್ಪಾಲು ಎಳೆದರು."

ಪ್ರಶ್ನೆ ಒಂದೇ. ಯಾಕೆ ಓಡಿದರು?

24 ಮಕ್ಕಳಲ್ಲಿ 17 ಬಂದಿದ್ದರು. ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ ಅಷ್ಟು ಬಂದರೆ ಪುಣ್ಯ. 17 ನೋಟ್‌ಬುಕ್ಕಲ್ಲೂ ಎರಡೇ ಬಗೆಯ ಉತ್ತರ. "ಬೇಗ ಬನ್ನಿ ಎಂದು ಕೂಗಿದ್ದರಿಂದ ಓಡಿದರು." ಇಲ್ಲಾಂದ್ರೆ "ಟಾರ್ಪಾಲು ಎಳೆಯಲು ಓಡಿದರು." ಮಳೆ ಅನ್ನುವ ಪದ ಒಬ್ಬರೂ ಬರೆದಿಲ್ಲ. ದಾರಿಯಲ್ಲಿ ಲದ್ದಿ ನೋಡಿ ಆನೆ ಈಗಷ್ಟೇ ಹೋಗಿದೆಯೋ, ರಾತ್ರಿ ಹೋಗಿದೆಯೋ ಅಂತ ಹೇಳುವ ಮಕ್ಕಳು ಇವರು!

"ಮಳೆ ಬರ್ತಿತ್ತು ಅಂತ ಗೊತ್ತಾಗಲಿಲ್ವೇನ್ರೋ?"

"ಗೊತ್ತಾಯ್ತು ಮಿಸ್" ಅಂದ ತೋಟದ ಲೆಕ್ಕ ಬರೆಯುವ ರೈಟರ ಮಗ. "ಆದ್ರೆ ಮಳೆ ಅಂತ ಎಲ್ಲೂ ಬರೆದಿಲ್ಲ. ನಾವು ಬರೆದ್ರೆ ತಪ್ಪಾಗಲ್ವಾ?"

ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಉತ್ತರಕ್ಕೆ ಪೆನ್ಸಿಲಲ್ಲಿ ಗೆರೆ ಹಾಕ್ಕೊಳ್ಳಿ, ಪಾಠದಲ್ಲಿ ಇರೋದನ್ನೇ ಬರೀರಿ, ತಲೆ ಉಪಯೋಗಿಸಿ ಏನೇನೋ ಸೇರಿಸಬೇಡಿ ಅಂತ ವರ್ಷಗಟ್ಟಲೆ ಹೇಳಿಕೊಟ್ಟವಳು ಯಾರು? 'ಯಾಕೆ' ತೆಗೆದು 'ಆದ್ದರಿಂದ' ಸೇರಿಸಿದರೆ ಒಂದು ಮಾರ್ಕು. ಅದನ್ನು ಚೆನ್ನಾಗಿಯೇ ಕಲಿತಿದ್ದಾರೆ.

ಬೇರೆ ಕಡೆಯಿಂದ ಶುರು ಮಾಡಿದೆ. "ಆಕಾಶ ನೋಡಿದ್ದು ಯಾರು? ಗಂಡಸೋ, ಹೆಂಗಸೋ?"

"ಹೆಂಗಸು" ಅಂತ ಎಲ್ಲರೂ ಕೂಗಿದರು.

"ಹೆಂಗಸು ಅಂತ ಎಲ್ಲಿ ಬರೆದಿದೆ?"

"'ಳು' ಇದೆಯಲ್ಲ ಮಿಸ್!"

ಸರಿ, ಆ 'ಳು' ಥರ ಇನ್ನೇನು ಸಿಗುತ್ತೆ ಹುಡುಕಿ ಅಂದೆ. ಆಕಾಶ, ಟಾರ್ಪಾಲು ಎರಡಕ್ಕೂ ಗೆರೆ ಹಾಕಿ ಮಳೆಗೆ ಬಂದರು. ನನಗೂ ಖುಷಿ. ಆಗ ಕೊನೆ ಬೆಂಚಿನವಳು ಎದ್ದು ನಿಂತಳು. ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿ, ಮಾತು ಕಡಿಮೆ.

"ಮಳೆನೇ ಆಗಬೇಕಂತ ಇಲ್ಲ ಮಿಸ್. ಸಂಜೆ ಆಗಿರಬಹುದು. ಹೊತ್ತು ಎಷ್ಟಾಯ್ತು ಅಂತ ಆಕಾಶ ನೋಡಿರ್ತಾಳೆ. ಸಂಜೆ ದಿನಾ ಗುಡ್ಡೆ ಮಾಡಿ ಮುಚ್ತೀವಿ, ಇಬ್ಬನಿಗೆ."

ನಾನು ಅರಸೀಕೆರೆಯವಳು. ಕೊಬ್ಬರಿ ಕೇಳಿ, ಹೇಳ್ತೀನಿ. ಕಾಫಿಗೆ ಇಬ್ಬನಿ ಆಗಲ್ಲ ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ. ಸಾಲು ಬರೆದವಳು ನಾನು, ಅದರಲ್ಲಿ ನನಗಿಂತ ಜಾಸ್ತಿ ಕಂಡವಳು ಅವಳು.

ತಪ್ಪು ಅನ್ನಲೋ, ಸರಿ ಅನ್ನಲೋ? ಗೊತ್ತಾಗದೆ ಅವರಿಗೇ ಬಿಟ್ಟೆ. ಜಗಳವೇ ಶುರುವಾಯಿತು. ಕೊನೆಗೆ ರೈಟರ ಮಗ ಅಂದ, "ದಿನಾ ಮುಚ್ಚೋಕೆ ಯಾರೂ ಓಡಲ್ಲ ಕಣೆ. ಕೈಲಿದ್ದ ಕೆಲಸ ಬಿಟ್ಟು ಅಂತ ಬೇರೆ ಇದೆ." ಅವಳು ಬೋರ್ಡನ್ನು ಇನ್ನೊಂದು ಸಲ ಓದಿದಳು. "ಹೌದು, ಓಡಿದರು ಅಂತಿದೆ" ಅಂತ ಕೂತಳು.

ನಾನು ಏನೂ ಹೇಳಿರಲಿಲ್ಲ. ಬೆಲ್ ಹೊಡೆಯಿತು. ಬಿಸಿಯೂಟದ ಸಾರಿಗೆ ಇವತ್ತು ಉಪ್ಪು ಜಾಸ್ತಿ.

ಸಂಜೆ ಬಸ್ಸಿಗೆ ಕಾಯುವಾಗ ಅವಳು ಪಕ್ಕ ಬಂದು ನಿಂತಳು.

"ನೀವು ವರ್ಗ ಆಗಿ ಹೋಗ್ತೀರಾ ಮಿಸ್?"

"ಯಾರೇ ಹೇಳಿದ್ದು?"

"ಯಾರೂ ಹೇಳಿಲ್ಲ. ಬೀರುವಿನಿಂದ ದಿನಾ ಎರಡೆರಡು ಪುಸ್ತಕ ಮನೆಗೆ ತಗೊಂಡು ಹೋಗ್ತಿದ್ದೀರಲ್ಲ."

ನಗು ಬಂತು. ಬೀರುವಿಗೆ ಗೆದ್ದಲು ಹಿಡಿದಿದೆ, ಅದಕ್ಕೇ ತಗೊಂಡು ಹೋಗ್ತಿರೋದು. "ಗೆದ್ದಲು ಕಣೇ" ಅಂದೆ. ಸುಳ್ಳೇನಲ್ಲ. ಅವಳು ತಲೆಯಾಡಿಸಿದಳು. ಆದರೆ ಚೀಲದ ಕಡೆ ಇನ್ನೊಂದು ಸಲ ನೋಡಿದಳು, ಬೋರ್ಡು ನೋಡಿದ ಹಾಗೆಯೇ.

ಅಮ್ಮನಿಗೆ ಹುಷಾರಿಲ್ಲ, ಅರಸೀಕೆರೆ ಕಡೆಗೇ ಕೇಳಿಕೋ ಅಂತ ಇವರು ಹೇಳ್ತಾ ಇರೋದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಚ್‌ಎಂಗೂ ಹೇಳಿಲ್ಲ. ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ ಅಂತಲೇ ಅಂದುಕೊಂಡಿದ್ದೆ, ಆದರೆ ಗೆದ್ದಲು ಹಿಡಿದಿದ್ದು ಕೆಳಗಿನ ಒಂದೇ ಹಲಗೆಗೆ, ಮೇಲಿನ ಪುಸ್ತಕಗಳನ್ನೂ ನಾನು ಯಾಕೆ