ಕ್ರಿಮಿನಾಲಜಿ ಮೊದಲಾ, ಸೈಕಾಲಜಿ ಮೊದಲಾ?

ಇಂಗ್ಲೆಂಡಿನ ಲೆಸ್ಟರ್‌ನ ವೆಲ್ಫರ್ಡ್ ರಸ್ತೆಯಲ್ಲಿ ಒಂದು ಕೋಟೆ ಇದೆ. ಬುರುಜು, ಎತ್ತರದ ಗೋಡೆ, ದೊಡ್ಡ ಬಾಗಿಲು ಎಲ್ಲ ಇದೆ. ಮೊದಲ ಸಲ ಬಸ್ಸಿನಿಂದ ನೋಡಿದಾಗ ಚಿತ್ರದುರ್ಗದವಳಾದ ನನಗೆ ಖುಷಿಯೋ ಖುಷಿ. ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು ಟಿಕೆಟ್ ಎಷ್ಟು ಅಂತ ಕೇಳಿಯೇಬಿಟ್ಟೆ. ಅಜ್ಜಿ ನಕ್ಕು, "ಒಳಗೆ ಹೋಗೋದು ಪುಕ್ಕಟೆ, ಹೊರಗೆ ಬರೋದು ಕಷ್ಟ" ಅಂದರು. ಅದು ಜೈಲು. ಸುಮಾರು ಇನ್ನೂರು ವರ್ಷದ್ದು, ಈಗಲೂ ಕೈದಿಗಳಿದ್ದಾರೆ.

ಹೋದ ವಾರ ಅಕ್ಕನ ಮಗಳಿಗೆ ವಿಡಿಯೋ ಕಾಲ್‌ನಲ್ಲಿ ಆ ಗೋಡೆ ತೋರಿಸಿದೆ. ಅವಳು ಸೆಕೆಂಡ್ ಪಿಯು. ಸೀರಿಯಲ್ ಕಿಲ್ಲರ್ ಕಥೆಗಳನ್ನು ನೋಡಿ ನೋಡಿ ಅಪರಾಧಿಗಳ ತಲೆಯೊಳಗೆ ಏನಿದೆ ಅಂತ ಓದಬೇಕು ಅಂತ ಹಟ ಹಿಡಿದಿದ್ದಾಳೆ. ಜೈಲಿನಿಂದ ಸ್ವಲ್ಪ ದೂರ ನಡೆದರೆ ಲೆಸ್ಟರ್ ಯೂನಿವರ್ಸಿಟಿ. 1984ರಲ್ಲಿ ಅಲೆಕ್ ಜೆಫ್ರಿಸ್ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕಂಡುಹಿಡಿದದ್ದು ಅಲ್ಲೇ. ಇದನ್ನು ಹೇಳಿದ್ದೇ ತಪ್ಪಾಯಿತು.

"ಹಾಗಾದ್ರೆ ಕ್ರಿಮಿನಾಲಜಿಗೆ ಅದೇ ಬೆಸ್ಟ್ ಅಲ್ವಾ ಚಿಕ್ಕಮ್ಮ?"

ಅಲ್ಲ ಕಣೇ. ಡಿಎನ್‌ಎ ಜೆನೆಟಿಕ್ಸ್‌ನವರ ಕೆಲಸ. ಕ್ರಿಮಿನಾಲಜಿ ಅಂದರೆ ಲ್ಯಾಬೂ ಅಲ್ಲ, ಬಿಳಿ ಕೋಟೂ ಅಲ್ಲ. ಬ್ರಿಟನ್ನಿನಲ್ಲಿ ಅದು ಹೆಚ್ಚಾಗಿ ಸಮಾಜಶಾಸ್ತ್ರ, ಕಾನೂನು, ಒಂದಷ್ಟು ಅಂಕಿಅಂಶ. ಪೊಲೀಸರು ಯಾರನ್ನು ಜಾಸ್ತಿ ತಡೆದು ತಪಾಸಣೆ ಮಾಡುತ್ತಾರೆ, ಜೈಲಿಗೆ ಹೋಗಿ ಬಂದವರು ಮತ್ತೆ ಯಾಕೆ ಹೋಗುತ್ತಾರೆ, ಇಂಥದ್ದನ್ನು ಓದಿ ಪ್ರಬಂಧ ಬರೆಯಬೇಕು. ಕೇಂಬ್ರಿಡ್ಜ್‌ನಲ್ಲಿ 1959ರಲ್ಲೇ ಇದಕ್ಕೊಂದು ಸಂಸ್ಥೆ ಶುರುವಾಯಿತು. ಲಂಡನ್ನಿನ ಯೂನಿವರ್ಸಿಟಿ ಯುಸಿಎಲ್‌ನದು ಬೇರೆಯೇ ದಾರಿ. ಕ್ರೈಮ್‌ವಾಚ್ ಅನ್ನೋ ಟಿವಿ ಕಾರ್ಯಕ್ರಮ ನಡೆಸುತ್ತಿದ್ದ ಜಿಲ್ ಡ್ಯಾಂಡೊ 1999ರಲ್ಲಿ ಕೊಲೆಯಾದರು. ಅವರ ಹೆಸರಿನಲ್ಲಿ 2001ರಲ್ಲಿ ಅಲ್ಲೊಂದು ಸಂಸ್ಥೆ ಹುಟ್ಟಿತು. ಅಪರಾಧಿ ಯಾಕೆ ಹಾಗಾದ ಅನ್ನೋದಕ್ಕಿಂತ, ಅಪರಾಧ ನಡೆಯದ ಹಾಗೆ ಮಾಡೋದು ಹೇಗೆ ಅನ್ನೋದು ಅವರ ಚಿಂತೆ. ಅಲ್ಲಿ ಅದನ್ನು ಕ್ರೈಮ್ ಸೈನ್ಸ್ ಅಂತಾರೆ. ನಕ್ಷೆ, ಡೇಟಾ ಇಷ್ಟ ಇರೋರಿಗೆ ಸರಿ. ಕೊಲೆಗಾರನ ಮನಸ್ಸು ಹುಡುಕಿಕೊಂಡು ಹೋದವರಿಗೆ ಬೇಜಾರಾಗಬಹುದು.

ಮನಸ್ಸೇ ಬೇಕು ಅಂದರೆ ಸೈಕಾಲಜಿ ಓದಬೇಕು. ಇಲ್ಲೇ ನಾನು ಎಡವಿದ್ದು.

ನಾನು 2021ರಲ್ಲಿ ಒಂದು ವರ್ಷದ ಮಾಸ್ಟರ್ಸ್‌ಗೆ ಬಂದೆ. ಬೆಂಗಳೂರಿನ ಏಜೆಂಟ್ ಕೊಟ್ಟ ಹಾಳೆಯಲ್ಲಿ ಕೋರ್ಸಿನ ಹೆಸರಲ್ಲಿ ಕ್ರಿಮಿನಾಲಜಿಯೂ ಇತ್ತು, ಸೈಕಾಲಜಿಯೂ ಇತ್ತು. "ಎರಡೂ ಆಗುತ್ತೆ ಮೇಡಂ, ಜೈಲಿನಲ್ಲಿ ಸೈಕಾಲಜಿಸ್ಟ್ ಆಗಬಹುದು" ಅಂದಿದ್ದ. ಎರಡನೇ ವಾರ ಟ್ಯೂಟರ್ ಹತ್ತಿರ ಇದನ್ನೇ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ನಿನ್ನ ಡಿಗ್ರಿ ಸೈಕಾಲಜಿನಾ?" ಅಂದರು. ನನ್ನದು ಬಿ.ಕಾಂ. ಆಮೇಲೆ ಅವರು ನಿಧಾನವಾಗಿ ವಿವರಿಸಿದ್ದು ಇಷ್ಟು. ಸೈಕಾಲಜಿಯ ಬಾಗಿಲು ತೆಗೆಯೋದು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ (ಬಿಪಿಎಸ್) ಮಾನ್ಯತೆ ಕೊಟ್ಟ ಕೋರ್ಸ್. ಅದನ್ನು ಕನಿಷ್ಠ ಲೋವರ್ ಸೆಕೆಂಡ್ ಕ್ಲಾಸ್‌ನಲ್ಲಿ ಪಾಸಾದರೆ ಜಿಬಿಸಿ ಅನ್ನೋ ಅರ್ಹತೆ ಸಿಗುತ್ತದೆ. ಅದು ಇಲ್ಲದೆ ಮುಂದಿನ ಮೆಟ್ಟಿಲೇ ಇಲ್ಲ. ಫೊರೆನ್ಸಿಕ್ ಸೈಕಾಲಜಿಸ್ಟ್, ಅಂದರೆ ಅಪರಾಧಿಗಳ ಜೊತೆ ಕೆಲಸ ಮಾಡೋ ಸೈಕಾಲಜಿಸ್ಟ್, ಅಂತ ಕರೆದುಕೊಳ್ಳಬೇಕಾದರೆ ಜಿಬಿಸಿ ಆದ ಮೇಲೆ ಮಾನ್ಯತೆ ಇರುವ ಮಾಸ್ಟರ್ಸ್, ಆಮೇಲೆ ವರ್ಷಗಟ್ಟಲೆ ಮೇಲ್ವಿಚಾರಣೆಯಲ್ಲಿ ಕೆಲಸ, ಕೊನೆಗೆ ಎಚ್‌ಸಿಪಿಸಿ ಅನ್ನೋ ವೃತ್ತಿ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ. ಆ ಹೆಸರನ್ನು ಸುಮ್ನೆ ಬಳಸಿದರೆ ಇಲ್ಲಿ ಅಪರಾಧ.

ನನ್ನಂಥ ಬಿ.ಕಾಂ.ನವರಿಗೂ ಕನ್ವರ್ಷನ್ ಕೋರ್ಸ್ ಅಂತ ಇದೆ, ಬೇರೆ ಡಿಗ್ರಿ ಆದವರು ಸೈಕಾಲಜಿಗೆ ಬರೋಕೆ. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅದಕ್ಕೇ ಸೇರುತ್ತಿದ್ದೆ. ಅಷ್ಟೊತ್ತಿಗೆ ಅಪ್ಪ ತೋಟದ ಮೇಲೆ ಸಾಲ ತೆಗೆದಾಗಿತ್ತು. ಮುಂದೆ ಕೇಳಬೇಡಿ.

ಹಾಗಾಗಿ ಪುಟ್ಟಿಗೆ ನಾನು ಹೇಳಿದ್ದು, ರ‍್ಯಾಂಕಿಂಗ್ ಪಟ್ಟಿ ಆಮೇಲೆ ನೋಡು, ಮೊದಲು ಕೋರ್ಸಿನ ಹೆಸರು ಓದು ಅಂತ. 'ಸೈಕಾಲಜಿ ವಿತ್ ಕ್ರಿಮಿನಾಲಜಿ' ಅಂದರೆ ಸಾಮಾನ್ಯವಾಗಿ ಮುಕ್ಕಾಲು ಸೈಕಾಲಜಿ, ಬಿಪಿಎಸ್ ಮಾನ್ಯತೆ ಇರುವ ಸಂಭವ ಜಾಸ್ತಿ. 'ಕ್ರಿಮಿನಾಲಜಿ ವಿತ್ ಸೈಕಾಲಜಿ' ಅಂದರೆ ಉಲ್ಟಾ. ಊಟದಲ್ಲಿ ಉಪ್ಪಿನಕಾಯಿ ಯಾವುದು, ಅನ್ನ ಯಾವುದು ಅನ್ನೋ ಪ್ರಶ್ನೆ. ಆದರೂ ಹೆಸರನ್ನೇ ನಂಬಬೇಡ, ಬಿಪಿಎಸ್ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ಕೋರ್ಸ್ ಹುಡುಕಬಹುದು, ಹತ್ತು ನಿಮಿಷದ ಕೆಲಸ.

ಇನ್ನೊಂದು ತೊಡಕು ಯುಕಾಸ್ ಅರ್ಜಿಯಲ್ಲಿದೆ, ಅಂದರೆ ಇಲ್ಲಿನ ಯೂನಿವರ್ಸಿಟಿಗಳ ಡಿಗ್ರಿಗೆ ಹಾಕೋ ಒಂದೇ ಅರ್ಜಿ. ಐದು ಆಯ್ಕೆ ಕೊಡುತ್ತಾರೆ, ಆದರೆ ನೀನು ನಿನ್ನ ಬಗ್ಗೆ ಬರೆಯೋ ಪರ್ಸನಲ್ ಸ್ಟೇಟ್‌ಮೆಂಟ್ ಒಂದೇ. ಐದೂ ಕಡೆಗೆ ಅದೇ ಹೋಗುತ್ತದೆ. ಮೂರು ಕಡೆ ಬರೀ ಸೈಕಾಲಜಿ, ಎರಡು ಕಡೆ ಬರೀ ಕ್ರಿಮಿನಾಲಜಿ ಹಾಕಿದರೆ ಆ ಬರಹ ಎರಡೂ ದೋಣಿಯ ಮೇಲೆ ಕಾಲಿಟ್ಟ ಹಾಗಿರುತ್ತದೆ. ಓದುವವರಿಗೆ ಗೊತ್ತಾಗಿಬಿಡುತ್ತೆ.

ಸ್ಕಾಟ್ಲೆಂಡ್ ಚೆನ್ನಾಗಿದೆ, ಆದರೆ ಅಲ್ಲಿ ಆನರ್ಸ್ ಡಿಗ್ರಿ ನಾಲ್ಕು ವರ್ಷ. ಇಂಗ್ಲೆಂಡಿನಲ್ಲಿ ಮೂರು. ಆ ಒಂದು ವರ್ಷದ ಫೀಸು, ಬಾಡಿಗೆ ಎಲ್ಲ ಲೆಕ್ಕಕ್ಕೆ ಬರುತ್ತೆ. ವೀಸಾ ಜೊತೆ ಆರೋಗ್ಯದ ಸರ್‌ಚಾರ್ಜ್ ಅಂತ ವಿದ್ಯಾರ್ಥಿಗಳಿಂದ ವರ್ಷಕ್ಕೆ 776 ಪೌಂಡ್ ತಗೋತಾರೆ, ಪೂರ್ತಿ ಅವಧಿಯದ್ದನ್ನು ಮೊದಲೇ ಒಟ್ಟಿಗೆ ಕಟ್ಟಬೇಕು.

ಅಕ್ಕ ಫೋನು ಕಸಿದುಕೊಂಡು ಕೇಳಿದಳು, "ಓದಿದ ಮೇಲೆ ಅಲ್ಲೇ ಪೊಲೀಸ್ ಕೆಲಸ ಸಿಗುತ್ತೇನೇ?" ನಿಜ ಹೇಳಬೇಕಲ್ಲ. ಪೊಲೀಸ್ ಆಗೋಕೆ ಕಾಮನ್‌ವೆಲ್ತ್ ದೇಶದವರಿಗೂ ಅವಕಾಶ ಇದೆ, ಆದರೆ ಇಲ್ಲಿ ಇರೋಕೆ ಯಾವ ವೀಸಾ ಗಡುವೂ ಇರಬಾರದು. ಓದಿದ ಮೇಲೆ ಕೆಲಸ ಹುಡುಕೋಕೆ ಸಿಗೋ ಗ್ರಾಜುಯೇಟ್ ವೀಸಾ ಎರಡು ವರ್ಷ ಇತ್ತು, 2027ರ ಜನವರಿಯಿಂದ ಅರ್ಜಿ ಹಾಕೋರಿಗೆ 18 ತಿಂಗಳು. ಅಷ್ಟರಲ್ಲಿ ಸೈಕಾಲಜಿಯ ಉಳಿದ ಮೆಟ್ಟಿಲು ಹತ್ತಿ ಮುಗಿಸೋಕಾಗಲ್ಲ. ಊರಿಗೆ ವಾಪಸ್ ಬಂದು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಂದರೂ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ, ನೋಂದಣಿ ಬೇಕು. ಇಲ್ಲಿನ ಡಿಗ್ರಿ ಒಂದೇ ಸಾಲದು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಲ್ಲಿ ಸೋನಾ ಮಸೂರಿ ಸಿಗುತ್ತಾ?" ಅಂದಳು. ಸಿಗುತ್ತೆ ಅಂದೆ.

ನಿನ್ನೆ ರಾತ್ರಿ ಪುಟ್ಟಿ ಹೊಸ ಪಟ್ಟಿ ಕಳಿಸಿದ್ದಾಳೆ. ಐದರಲ್ಲಿ ನಾಲ್ಕು ಸೈಕಾಲಜಿ ಮುಂದಿರೋವು, ಪ್ರತಿಯೊಂದರ ಪಕ್ಕ ಹಸಿರು ಪೆನ್ನಲ್ಲಿ ಬಿಪಿಎಸ್ ಅಂತ ಟಿಕ್. ಐದನೆಯದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೆಳಗೆ ಬರೆದಿದ್ದಾಳೆ: "ಇದಕ್ಕೆ ಮಾನ್ಯತೆ ಇಲ್ಲ ಚಿಕ್ಕಮ್ಮ, ಆದ್ರೆ ಇವರು ಜೈಲಿಗೆ ಕರ್ಕೊಂಡು ಹೋಗ್ತಾರಂತೆ!"