ಬಾಲ ಎಲ್ಲಿತ್ತು?

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಗುರುತಿವೆ. ಕ್ಲಿನಿಕ್ಕಿಗೆ ಬರುವವರು ಅದನ್ನು ನೋಡಿ ಮೊದಲು ಕೇಳೋದು, "ರಾಟ್‌ವೀಲರ್ ಏನ್ರಿ?" ಅಲ್ಲ ಅಂದರೆ, "ಮತ್ತ ಪಿಟ್‌ಬುಲ್?" ಅದೂ ಅಲ್ಲ, ಮುಧೋಳ ಅಂದ ಕೂಡಲೇ ಮಾತು ನಿಲ್ಲುತ್ತದೆ. ಬಾಗಲಕೋಟೆಯಲ್ಲಿ ಕೂತು ಮುಧೋಳ ನಾಯಿ ಕಚ್ಚಿತು ಅನ್ನೋದು ಮನೆ ಮಗನ ಮೇಲೆ ದೂರು ಹೇಳಿದ ಹಾಗೆ.

ನವನಗರದ ಒಂದು ಸಣ್ಣ ಪೆಟ್ ಕ್ಲಿನಿಕ್ಕಿನಲ್ಲಿ ನಾನು ಅಸಿಸ್ಟೆಂಟ್. ನಾಯಿ ಹಿಡಿಯೋದು, ಡ್ರೆಸ್ಸಿಂಗ್, ಕೇಸ್ ಶೀಟ್ ಬರೆಯೋದು, ಟೇಬಲ್ ಒರೆಸೋದು, ಎಲ್ಲ ನಂದೇ. ಇದು 2024ರ ಮಾರ್ಚ್ ಕೊನೆಯ ಮಾತು. ಆ ತಿಂಗಳ 12ರಂದು ಕೇಂದ್ರ ಸರ್ಕಾರ ಅಪಾಯಕಾರಿ ಅಂತ 23 ನಾಯಿ ತಳಿಗಳ ಪಟ್ಟಿ ಮಾಡಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಲೈಸೆನ್ಸ್ ಕೊಡಬೇಡಿ, ಮಾರಬೇಡಿ, ಈಗಾಗಲೇ ಸಾಕಿದವಕ್ಕೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಅಂತ. ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೆ ನಡುವಿನ ವಾರಗಳಲ್ಲಿ ನಮ್ಮ ಫೋನಿಗೆ ಪುರುಸೊತ್ತೇ ಇರಲಿಲ್ಲ. ಮಕ್ಕಳಂತೆ ಸಾಕಿದವರೂ ತಮ್ಮ ನಾಯಿಯನ್ನು ಹೊಸದಾಗಿ ನೋಡೋಕೆ ಶುರು ಮಾಡಿದ್ದರು.

ಅವತ್ತು ಬೆಳಿಗ್ಗೆ ಒಂದು ರಾಟ್‌ವೀಲರ್ ಬಂತು. ಬರೀ ವ್ಯಾಕ್ಸಿನ್. ಆದರೂ ನಾನು ಮಾಲೀಕರ ಸಹಿ ತಗೊಂಡೆ, ಕಚ್ಚದ ಹಾಗೆ ಬಾಯಿಗೆ ಮಜಲ್ ಹಾಕಿದೆ, ಪಕ್ಕದ ಮೆಡಿಕಲ್ ಶಾಪಿನ ಹುಡುಗನನ್ನೂ ಕರೆದೆ. ಮೂರು ಜನ ಹಿಡಿದೆವು. ಪಾಪ, ನಿಂತಲ್ಲೇ ಉಚ್ಚೆ ಹೊಯ್ದು ನನ್ನ ಚಪ್ಪಲಿ ತೋಯಿಸಿತು. ಅದು ಮಾಡಿದ್ದು ಅಷ್ಟೇ.

ನಾಲ್ಕು ಗಂಟೆಗೆ ಲೋಕಾಪುರ ಕಡೆಯಿಂದ ಒಬ್ಬ ಕಾಕಾ ಬಂದರು. ಟಂಟಂನಲ್ಲಿ ಗೋಣಿಚೀಲದ ಮೇಲೆ ಒಂದು ಕರವಾನಿ, ಅಂದರೆ ಮುಧೋಳ ನಾಯಿ. ಹೊಲದ ತಂತಿ ಬೇಲಿಗೆ ಸಿಕ್ಕಿ ತೊಡೆಯ ಚರ್ಮ ಗೇಣುದ್ದ ಹರಿದಿತ್ತು. ನನ್ನೂರೂ ಅದೇ ಕಡೆ. ನನಗೆ ಖುಷಿಯೋ ಖುಷಿ. ಬೆಳಿಗ್ಗೆಯಿಂದ ಬಂದವರಿಗೆಲ್ಲ ಇದೇ ಭಾಷಣ ಮಾಡಿದ್ದೆ: ನಮ್ಮ ಮುಧೋಳ ಆ ಪಟ್ಟಿಯಲ್ಲಿಲ್ಲ ನೋಡ್ರಿ, 2005ರಲ್ಲೇ ಅಂಚೆಚೀಟಿ ಮೇಲೆ ಬಂದೈತಿ, 2016ರಲ್ಲಿ ಸೈನ್ಯದವರು ಟ್ರೇನಿಂಗಿಗೆ ಮೀರತ್‌ಗೆ ಒಯ್ದಾರ.

ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಕೇಳಿದರು, "ಬಾಯಿ ಕಟ್ಟೂಣೇನ್ರಿ?"

"ಬ್ಯಾಡ್ರಿ ಕಾಕಾ, ನಮ್ಮೂರ ನಾಯಿ ಐತಿ" ಅಂದೆ.

ಈ ಮಾತು ಈಗಲೂ ರಾತ್ರಿ ನೆನಪಾಗುತ್ತದೆ.

ನಿಜ ಹೇಳಬೇಕಂದ್ರೆ ನಮ್ಮ ಮಜಲ್ ಅದಕ್ಕೆ ಆಗುತ್ತಲೂ ಇರಲಿಲ್ಲ. ಮ್ಯಾನೇಜ್‌ಮೆಂಟ್ ತಂದಿಟ್ಟದ್ದು ಲ್ಯಾಬ್ರಡಾರ್ ಸೈಜಿನದು ಮಾತ್ರ, ಆ ಉದ್ದ ಸಪೂರ ಮೂತಿಯಿಂದ ಜಾರಿ ಬೀಳುತ್ತದೆ. ಸ್ಟೀಲ್ ಟೇಬಲ್ಲಿಗೆ ರಬ್ಬರ್ ಮ್ಯಾಟ್ ಕೇಳಿ ಎರಡು ವರ್ಷವಾಗಿತ್ತು. ಆದರೆ ಬ್ಯಾಂಡೇಜ್ ಇತ್ತಲ್ಲ, ಕಾಕಾನ ಟವೆಲ್ ಇತ್ತಲ್ಲ. ತಪ್ಪು ಮ್ಯಾನೇಜ್‌ಮೆಂಟಿನದು ಅಂತ ಪೂರ್ತಿ ಹೇಳೋಕೆ ಬಾಯಿ ಬರಲ್ಲ.

ಟೇಬಲ್ ಮೇಲೆ ಎತ್ತಿಟ್ಟೆವು. ಉಗುರು ಸ್ಟೀಲಿನ ಮೇಲೆ ಕಿರ್ ಕಿರ್ ಅಂತ ಜಾರುತ್ತಿತ್ತು. ಆಮೇಲೆ ಒಮ್ಮೆಲೇ ಗಟ್ಟಿಯಾಗಿ ನಿಂತುಬಿಟ್ಟಿತು, ಮರದ ಬೊಂಬೆ ಹಾಗೆ. ಎರಡು ಸಲ ತುಟಿ ನೆಕ್ಕಿಕೊಂಡಿತು, ಮುಖ ಆ ಕಡೆ ತಿರುಗಿಸಿತು. ಎಂಥಾ ಗತ್ತು ಅಂದುಕೊಂಡೆ ನಾನು. ಎಡಗೈ ಕುತ್ತಿಗೆ ಹತ್ತಿರ ಇಟ್ಟು, ಬಲಗೈಯಲ್ಲಿ ಗಾಯಕ್ಕೆ ಬೆಟಾಡಿನ್ ಹಾಕಿದೆ. ಗುರ್ ಅನ್ನಲಿಲ್ಲ, ಬೊಗಳಲಿಲ್ಲ. ಬಾಗಿಲು ಬಡಿದ ಹಾಗೆ ಒಂದು ಸದ್ದು, ಅದರ ದವಡೆಯದು. ಕೈ ಬಿಡಿಸಿಕೊಂಡಾಗ ಟೇಬಲ್ ಮೇಲಿನ ರಕ್ತದಲ್ಲಿ ಯಾವುದು ನಂದು, ಯಾವುದು ಅದರದು ಗೊತ್ತಾಗಲಿಲ್ಲ.

ನಲ್ಲಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಆ ಹದಿನೈದು ನಿಮಿಷವೂ ಡಾಕ್ಟ್ರು ಪಕ್ಕದಲ್ಲೇ ಗಡಿಯಾರ ನೋಡುತ್ತ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಾಲ ಎಲ್ಲಿತ್ತು?"

"ಕಾಲ ನಡುವ ಇತ್ರಿ ಸರ್."

"ಕಿವಿ?"

"ಹಿಂದಕ್ಕ ಅಂಟಿದ್ವು."

"ಕಣ್ಣು?"

"ಬಿಳಿ ಕಾಣಾಕತ್ತಿತ್ರಿ."

ಅಂದರೆ ಹೆದರಿದ ನಾಯಿಯ ಲಕ್ಷಣ ನಾನು ಎಲ್ಲಾ ನೋಡಿದ್ದೆ. ಬೆಳಿಗ್ಗೆ ರಾಟ್‌ವೀಲರ್ ಹೀಗೆ ನಿಂತಿದ್ದರೆ ಕೋಣೆಯಿಂದ ಆಚೆ ಓಡುತ್ತಿದ್ದೆ.

ಪ್ರೀ-ಎಕ್ಸ್‌ಪೋಷರ್, ಅಂದರೆ ಕಚ್ಚಿಸಿಕೊಳ್ಳುವ ಮೊದಲೇ ಹಾಕಿಸೋ ರೇಬೀಸ್ ಲಸಿಕೆ, ಮಾಡಿಸಿದ್ದಕ್ಕೆ ಅವತ್ತೊಂದು, ಮೂರನೇ ದಿನಕ್ಕೊಂದು, ಎರಡೇ ಡೋಸಿಗೆ ಮುಗಿಯಿತು. ಈ ಕೆಲಸದಲ್ಲಿದ್ದೂ ಅದನ್ನು ಮಾಡಿಸದವರು ಇದ್ದರೆ ನಾಳೆಯೇ ಹೋಗಿ.

ಹಾಗಂತ ತಳಿ ಅನ್ನೋದೇ ಸುಳ್ಳು ಅಂತ ನಾನು ಹೇಳಲ್ಲ. ಮೊಲ ಓಡಿದ್ದು ಕಂಡರೆ ಮುಧೋಳ ಯಾರ ಮಾತನ್ನೂ ಕೇಳಲ್ಲ, ಅದು ರಕ್ತದಲ್ಲೇ ಬಂದದ್ದು. ರಾಟ್‌ವೀಲರ್ ಕಚ್ಚಿದ್ದಿದ್ದರೆ ನನಗೆ ಎರಡು ಗುರುತಲ್ಲ, ಬೆರಳೇ ಹೋಗುತ್ತಿತ್ತೇನೋ. ದವಡೆಯ ಬಲ ಬೇರೆ, ಕಚ್ಚುವ ಮನಸ್ಸು ಬೇರೆ. ನಾವು ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತೇವೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವನ್ನು ಡಾಕ್ಟ್ರು ಮೊಬೈಲಿನಲ್ಲಿ ತೋರಿಸಿದರು. 18,000ಕ್ಕೂ ಜಾಸ್ತಿ ನಾಯಿಗಳ ಬಗ್ಗೆ ಮಾಲೀಕರನ್ನು ಕೇಳಿ, 2,000ಕ್ಕೂ ಜಾಸ್ತಿ ನಾಯಿಗಳ ಡಿಎನ್‌ಎ ನೋಡಿ ಮಾಡಿದ್ದು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಅಂತೆ. ನಮ್ಮ ಕೇಸ್ ಶೀಟಿನಲ್ಲಿ ಬ್ರೀಡ್‌ಗೆ ದೊಡ್ಡ ಕಾಲಂ ಇದೆ. ಹಗಲೆಲ್ಲ ಎರಡಡಿ ಚೈನಿನಲ್ಲೇ ಇರುತ್ತಾ, ನೋವು ಎಲ್ಲಿದೆ, ಹಿಂದೆ ಯಾರಿಗಾದರೂ ಕಚ್ಚಿದೆಯಾ, ಇದಕ್ಕೆಲ್ಲ ಜಾಗವೇ ಇಲ್ಲ. ಈಗ ನಾನು ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಹೊಸ ಫಾರ್ಮ್ ಪ್ರಿಂಟ್ ಮಾಡಿಸಿ ಅಂತ ಕೇಳಿದ್ದೆ, ಹಳೇ ಬಂಡಲ್ ಖಾಲಿಯಾಗಲಿ ಅಂದರು. ಮ್ಯಾಟೂ ಬಂದಿಲ್ಲ.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿಸೋಕೆ ಕಾಕಾ ಮತ್ತೆ ಬಂದರು. ಟಂಟಂನಿಂದ ಇಳಿಸುವಾಗಲೇ ನಾಯಿ ಬಾಯಿಗೆ ಟವೆಲ್ ಬಿಗಿದಿತ್ತು. ನನ್ನ ಕೈ ನೋಡಿದರು, ನಾಯಿ ನೋಡಿದರು.

"ಈ ಸಲ ನಿಮ್ಮನ್ನ ಕೇಳಾಕ ಹೋಗ್ಲಿಲ್ರಿ" ಅಂದರು.